ನಿಮಗಿದು ಗೊತ್ತೇ? ಸೈಟಿಗೆ ಸಾಲ, ಸಾಲಕ್ಕೆ ಗಡುವು

ಒಂದೆರಡು ವರ್ಷದ ಮಟ್ಟಿಗೆ ಸಾಲ ಎತ್ತಿ ಸೈಟೋ ಫ್ಲಾಟೋ ಕೊಳ್ಳುವುದು, ಬೆಲೆ ಬಂದಾಗ ಮಾರಿ ಸಾಲ ತೀರಿಸುವುದು ನಮ್ಮಲ್ಲಿ ಹೊಸ ಲೆಕ್ಕಾಚಾರವೇನಲ್ಲ. ಹಾಗೆ ಹೊರಟವರು ಮೊದಲು ಕೇಳುವುದು ‘ಬಡ್ಡಿ ಎಷ್ಟು?’ ಎಂದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ‘ಯಾವ ದುಡ್ಡಿನಿಂದ, ಯಾವಾಗ ತೀರಿಸುತ್ತೇನೆ?’ ಎಂಬುದು ಮೊದಲನೆಯದು. ಗೃಹಸಾಲ, ಅಡಮಾನ ಸಾಲ, ಚಿನ್ನದ ಸಾಲ, ಚೀಟಿ, ಭೋಗ್ಯ, ಕೈಸಾಲ ಎಲ್ಲಕ್ಕೂ ಅವುಗಳದೇ ಗಡುವುಗಳಿವೆ. ಆ ಗಡುವು ನಿಮ್ಮ ಕೈಗೆ ದುಡ್ಡು ಬರುವ ದಿನಕ್ಕೆ ಹೊಂದದಿದ್ದರೆ ಕಡಿಮೆ ಬಡ್ಡಿಯ ಸಾಲವೂ ದುಬಾರಿಯಾಗುತ್ತದೆ.

• ‘ಸೈಟು ಕೊಂಡು, ಬೆಲೆ ಏರಿದ ಮೇಲೆ ಮಾರುತ್ತೇನೆ’ ಎಂದು ಹೇಳಿದರೆ ಬ್ಯಾಂಕು ನಿಮಗೆ ಸೈಟ್ ಸಾಲ ಕೊಡುವಂತಿಲ್ಲ. ಆ ಜಾಗದಲ್ಲಿ ಮನೆ ಕಟ್ಟುವ ಉದ್ದೇಶವಿದೆ ಎಂದು ಸಾಲಗಾರ ಬರೆದುಕೊಡಬೇಕು, ಬ್ಯಾಂಕು ಹೇಳಿದ ಅವಧಿಯೊಳಗೆ ಕಟ್ಟಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ. ಕಟ್ಟದಿದ್ದರೆ ಬಡ್ಡಿದರ ಏರಿಸುವ ಷರತ್ತು ಅನೇಕ ಸಾಲಪತ್ರಗಳಲ್ಲಿ ಇರುತ್ತದೆ. ಖಾಲಿ ಸೈಟನ್ನು ಖಾಲಿಯಾಗಿಯೇ ಇಟ್ಟು ಮಾರುವ ಯೋಚನೆ ಇದ್ದರೆ ಈ ಸಾಲ ನಿಮ್ಮದಲ್ಲ.

• ಗೃಹಸಾಲದ ಮಿತಿ ಸಾಲದ ಮೊತ್ತದ ಮೇಲೆ ನಿಂತಿದೆ: 30 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ 90%, 30ರಿಂದ 75 ಲಕ್ಷದವರೆಗೆ 80%, ಅದಕ್ಕೂ ಮೇಲೆ 75%. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಈ ‘ಬೆಲೆ’ಯಲ್ಲಿ ಸೇರುವುದಿಲ್ಲ, 10 ಲಕ್ಷದೊಳಗಿನ ಮನೆಗಳಿಗೆ ಮಾತ್ರ ವಿನಾಯಿತಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ 1%ರಿಂದ 2%ಕ್ಕೆ ಏರಿದೆ. 5% ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, ಸರ್‌ಚಾರ್ಜು ಎಲ್ಲ ಕೂಡಿದರೆ ನಗರದ ಆಸ್ತಿಗೆ 7.6%. ಅಂದರೆ 80 ಲಕ್ಷದ ಫ್ಲಾಟಿಗೆ ಬ್ಯಾಂಕು 64 ಲಕ್ಷ ಕೊಟ್ಟರೂ, ಉಳಿದ 16 ಲಕ್ಷದ ಜೊತೆ ಇನ್ನೊಂದು 6 ಲಕ್ಷ ನಿಮ್ಮ ಕೈಯಿಂದಲೇ ಹೋಗಬೇಕು. ನೋಂದಣಿಯ ಹಿಂದಿನ ವಾರ ಈ 6 ಲಕ್ಷಕ್ಕೆ ಓಡಾಡಿ ಪರ್ಸನಲ್ ಲೋನ್ ಎತ್ತುವವರು ಎಷ್ಟೋ ಮಂದಿ.

• ಕೈಸಾಲದ ಮಾತಿನಲ್ಲಿ ‘ಎರಡು ಪರ್ಸೆಂಟ್’ ಎಂದರೆ ತಿಂಗಳಿಗೆ ನೂರಕ್ಕೆ 2 ರೂಪಾಯಿ, ವರ್ಷಕ್ಕೆ 24%. ‘ಮೂರು’ ಎಂದರೆ 36%. ಬ್ಯಾಂಕಿನ ‘ಹತ್ತು ಪರ್ಸೆಂಟ್’ ವರ್ಷದ್ದು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದಾಗ ಕೈಸಾಲವೇ ಅಗ್ಗವೆಂದು ಕೇಳಿಸುತ್ತದೆ.

• ಕರ್ನಾಟಕದಲ್ಲಿ ಬಡ್ಡಿ ವ್ಯವಹಾರ ಮಾಡುವ ಖಾಸಗಿಯವರಿಗೆ 1961ರ ಲೇವಾದೇವಿ ಕಾಯ್ದೆಯಡಿ ಪರವಾನಗಿ ಬೇಕು. ಅವರು ಹಾಕಬಹುದಾದ ಬಡ್ಡಿಗೆ ಸರ್ಕಾರ ನಿಗದಿ ಮಾಡಿದ ಮಿತಿ, ಆಧಾರ ಇಟ್ಟ ಸಾಲಕ್ಕೆ ವರ್ಷಕ್ಕೆ 14%, ಆಧಾರವಿಲ್ಲದ್ದಕ್ಕೆ 16%. ಮಿತಿ ಮೀರಿದ ಬಡ್ಡಿ ವಸೂಲಿ ತಡೆಯಲೆಂದೇ 2004ರಲ್ಲಿ ಇನ್ನೊಂದು ಕಾಯ್ದೆ ಬಂದಿದೆ. ತಿಂಗಳಿಗೆ 2 ರೂಪಾಯಿ ಬಡ್ಡಿ ಕೇಳುವವರು ಆ ದರವನ್ನು ಪತ್ರದಲ್ಲಿ ಏಕೆ ಬರೆಸುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

• ಬಡ್ಡಿ ಮುಂಗಡವಾಗಿ ಹಿಡಿದುಕೊಂಡರೆ ದರ ಹೇಳಿದ್ದಕ್ಕಿಂತ ಹೆಚ್ಚಾಗುತ್ತದೆ. 10 ಲಕ್ಷಕ್ಕೆ ಆರು ತಿಂಗಳ ಬಡ್ಡಿ 1.2 ಲಕ್ಷ ಮುರಿದುಕೊಂಡು 8.8 ಲಕ್ಷ ಕೈಗಿಟ್ಟರೆ, ನೀವು ಬಡ್ಡಿ ಕಟ್ಟಿದ್ದು 8.8 ಲಕ್ಷದ ಮೇಲೆ. ವರ್ಷದ ಲೆಕ್ಕಕ್ಕೆ ಅದು 24% ಅಲ್ಲ, 27% ಚಿಲ್ಲರೆ.

• ‘ಫ್ಲಾಟ್’ ದರವೂ ಹೀಗೆಯೇ. 12% ಫ್ಲಾಟ್ ಎಂದು ಹೇಳಿ 12 ಸಮಾನ ಕಂತುಗಳಲ್ಲಿ ಕಟ್ಟಿಸಿಕೊಳ್ಳುವ ಸಾಲವನ್ನು ಬ್ಯಾಂಕಿನ ಇಳಿಕೆ ಲೆಕ್ಕಕ್ಕೆ ತಂದರೆ ಸುಮಾರು 21.5% ಆಗುತ್ತದೆ. ತಿಂಗಳು ತಿಂಗಳು ಅಸಲು ಇಳಿಯುತ್ತಿದ್ದರೂ ಬಡ್ಡಿ ಮಾತ್ರ ಮೊದಲಿನ ಪೂರ್ತಿ ಅಸಲಿನ ಮೇಲೆಯೇ ಬೀಳುವುದು ಇದಕ್ಕೆ ಕಾರಣ.

• 2024ರ ಅಕ್ಟೋಬರ್ 1ರಿಂದ ವ್ಯಕ್ತಿಗಳಿಗೆ ಕೊಡುವ ಎಲ್ಲ ಹೊಸ ಅವಧಿ ಸಾಲಕ್ಕೂ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಎಂಬ ಒಂದು ಹಾಳೆ ಕೊಡಲೇಬೇಕು, ಅದೂ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ. ಪ್ರೊಸೆಸಿಂಗ್ ಫೀ, ವಿಮೆ, ವಕೀಲರ ಶುಲ್ಕ ಎಲ್ಲ ಸೇರಿಸಿದ ಒಟ್ಟು ವಾರ್ಷಿಕ ದರ ಅದರಲ್ಲಿ ಇರುತ್ತದೆ. ಯೋಚಿಸಿ ಹೇಳಲು ಕನಿಷ್ಠ ಮೂರು ಕೆಲಸದ ದಿನ ಕಾಲಾವಕಾಶವೂ ಉಂಟು. ಅಲ್ಪಾವಧಿ ಸಾಲಕ್ಕೆ ಈ ಹಾಳೆ ಇನ್ನೂ ಮುಖ್ಯ. ಒಂದೂವರೆ ಪರ್ಸೆಂಟ್ ಪ್ರೊಸೆಸಿಂಗ್ ಫೀ 15 ವರ್ಷದ ಸಾಲದಲ್ಲಿ ಕಾಣದೆ ಹೋಗುತ್ತದೆ; ಒಂದೇ ವರ್ಷದಲ್ಲಿ ತೀರಿಸುವವರಿಗೆ ಅದೇ ಒಂದೂವರೆ ಪರ್ಸೆಂಟ್ ಬಡ್ಡಿಯಾಗಿ ಕೂರುತ್ತದೆ.

• ಅಲ್ಪಾವಧಿಗೆ ಅಲ್ಪಾವಧಿ ಸಾಲವನ್ನೇ ತೆಗೆಯಬೇಕೆಂದಿಲ್ಲ. ಇದ್ದ ಮನೆಯನ್ನು ಆಧಾರ ಮಾಡಿ ತೆಗೆಯುವ ಅಡಮಾನ ಸಾಲದ ಅವಧಿ 15 ವರ್ಷವೇ ಇರಬಹುದು, ಆದರೆ 15 ತಿಂಗಳಲ್ಲಿ ತೀರಿಸಬಾರದೆಂದು ಯಾರೂ ಹೇಳಿಲ್ಲ. ವ್ಯಾಪಾರಕ್ಕಲ್ಲದ ಉದ್ದೇಶಕ್ಕೆ ವ್ಯಕ್ತಿಗಳು ತೆಗೆದ, ಬದಲಾಗುವ ಬಡ್ಡಿದರದ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಣವಾಗುವ ಸಾಲಗಳಲ್ಲಿ, ವ್ಯಕ್ತಿಗಳು ವ್ಯಾಪಾರಕ್ಕೆಂದು ತೆಗೆದವುಗಳಿಗೂ ವಾಣಿಜ್ಯ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಸಾಲ ತೀರಿಸುವ ದುಡ್ಡು ಎಲ್ಲಿಂದ ಬಂತು ಎಂದು ಕೇಳುವ ಹಾಗೂ ಇಲ್ಲ. ಸ್ಥಿರ ದರದ ಸಾಲ, ಕಂಪನಿ ಹೆಸರಿನ ಸಾಲ ಬೇರೆ ಮಾತು; ಅಲ್ಲಿ ಪತ್ರ ಓದಿಯೇ ಸಹಿ ಹಾಕಬೇಕು.

ಯಾವಾಗ ಮಾರಾಟವಾಗುತ್ತದೋ ಎಂದು ಖಚಿತವಿಲ್ಲದವರಿಗೆ ಬದಲಾಗುವ ದರದ ಈ ಅಡಮಾನ ಸಾಲವೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಬೇಗ ಮಾರಿದರೆ ಬೇಗ ತೀರಿಸಬಹುದು. ಮಾರಾಟ ತಡವಾದರೂ ಕಂತು ಸಣ್ಣದಾಗಿರುವುದರಿಂದ ಉಸಿರಾಡಬಹುದು. ಆದರೆ ಒತ್ತೆಯಿರುವುದು ನೀವು ವಾಸಿಸುವ ಮನೆ ಎಂಬುದನ್ನು ಮರೆಯಬಾರದು.

• ಬೆಲೆ 20% ಏರಿದರೂ ಕೈಗೆ ಏನೂ ಸಿಗದಿರಬಹುದು. ಲೆಕ್ಕ ನೋಡಿ. 50 ಲಕ್ಷದ ಸೈಟು. 30 ಲಕ್ಷ ಸಾಲ. 18 ತಿಂಗಳ ಮೇಲೆ 60 ಲಕ್ಷಕ್ಕೆ ಮಾರಾಟ. ಮೇಲ್ನೋಟದ ಲಾಭ 10 ಲಕ್ಷ. ಕೊಳ್ಳುವಾಗ ನೋಂದಣಿಗೆ ಹೋದದ್ದು 3.8 ಲಕ್ಷ. ಕೊಳ್ಳುವಾಗಲೂ ಮಾರುವಾಗಲೂ ಬ್ರೋಕರ್ ಕಮಿಷನ್ ಒಂದೊಂದು ಪರ್ಸೆಂಟ್ ಎಂದರೆ 1.1 ಲಕ್ಷ. ಸಾಲ ತಿಂಗಳಿಗೆ 2 ರೂಪಾಯಿ ಬಡ್ಡಿಯ ಕೈಸಾಲವಾದರೆ, ತಿಂಗಳಿಗೆ 60 ಸಾವಿರದಂತೆ 10.8 ಲಕ್ಷ ಬಡ್ಡಿ. ಒಟ್ಟು 15.7 ಲಕ್ಷ ಖರ್ಚು, 5.7 ಲಕ್ಷ ನಷ್ಟ. ಅದೇ ಸಾಲ ವರ್ಷಕ್ಕೆ 10%ರ ಅಡಮಾನ ಸಾಲವಾಗಿದ್ದರೆ ಬಡ್ಡಿ 4.5 ಲಕ್ಷ; ಉಳಿಯುವುದು 60 ಸಾವಿರ. ಆದಾಯ ತೆರಿಗೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

• ಆ ತೆರಿಗೆಗೂ ಒಂದು ಗಡುವಿದೆ. ಕೊಂಡು 24 ತಿಂಗಳೊಳಗೆ ಮಾರಿದ ಸೈಟಿನ ಲಾಭ ಅಲ್ಪಾವಧಿ ಲಾಭ. ಅದು ನಿಮ್ಮ ಉಳಿದ ಆದಾಯಕ್ಕೆ ಸೇರಿ ಸ್ಲ್ಯಾಬ್ ದರದಲ್ಲಿ ತೆರಿಗೆಗೆ ಬೀಳುತ್ತದೆ. 24 ತಿಂಗಳು ದಾಟಿದರೆ 12.5%. 18 ತಿಂಗಳ ಸಾಲ ತೆಗೆದವರು ಹೆಚ್ಚಿನ ತೆರಿಗೆಯ ಅವಧಿಯೊಳಗೇ ಮಾರುವಂತೆ ತಮ್ಮನ್ನು ತಾವೇ ಕಟ್ಟಿಹಾಕಿಕೊಂಡ ಹಾಗಾಯಿತು.

• ಹಳೆ ಮನೆ ಮಾರಿ ಹೊಸದು ಕೊಳ್ಳುವವರಿಗೆ ಬ್ರಿಡ್ಜ್ ಲೋನ್ ಎಂಬುದುಂಟು. ಹಳೆಯದು ಮಾರಾಟವಾಗುವ ಮೊದಲೇ ಹೊಸ ಮನೆಗೆ ದುಡ್ಡು, ಅವಧಿ ಸಾಮಾನ್ಯವಾಗಿ 2 ವರ್ಷ. ಇಲ್ಲೊಂದು ಗಡುವಿನ ಗಂಟಿದೆ. ಹಳೆ ಮನೆಯ ದೀರ್ಘಾವಧಿ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ಹೊಸ ಮನೆಯನ್ನು ಹಳೆಯದರ ಮಾರಾಟಕ್ಕೆ ಹಿಂದಿನ ಒಂದು ವರ್ಷದೊಳಗೆ ಅಥವಾ ಮುಂದಿನ ಎರಡು ವರ್ಷದೊಳಗೆ ಕೊಂಡಿರಬೇಕು. ಮೊದಲು ಕೊಂಡು ಆಮೇಲೆ ಮಾರುವವರಿಗೆ ಸಿಗುವುದು ಆ ಹಿಂದಿನ ಒಂದೇ ವರ್ಷ. ಬ್ಯಾಂಕು 2 ವರ್ಷ ಕೊಟ್ಟಿದೆಯಲ್ಲ, ಒಳ್ಳೆಯ ಬೆಲೆಗೆ ಕಾಯೋಣ ಎಂದು 14ನೇ ತಿಂಗಳಲ್ಲಿ ಮಾರಿದರೆ ಸಾಲದ ಗಡುವು ಉಳಿಯಿತು, ತೆರಿಗೆ ವಿನಾಯಿತಿ ಹೋಯಿತು.

• ಗೃಹಸಾಲದ ಬಡ್ಡಿಗೆ ಪ್ರತಿವರ್ಷ ತೆರಿಗೆ ಕಡಿತ ಪಡೆದವರು, ಮಾರುವಾಗ ಅದೇ ಬಡ್ಡಿಯನ್ನು ಮತ್ತೆ ಮನೆಯ ಖರೀದಿ ವೆಚ್ಚಕ್ಕೆ ಸೇರಿಸುವಂತಿಲ್ಲ. ಈ ಬಾಗಿಲು 2023ರಲ್ಲಿ ಮುಚ್ಚಿತು.

• ಬೆಂಗಳೂರಿನ ‘ಲೀಸ್’, ಹಳೆಯ ಮಾತಿನ ಭೋಗ್ಯ, ನಿಜವಾಗಿ ನೋಡಿದರೆ ಮನೆ ಮಾಲೀಕರು ಬಾಡಿಗೆದಾರರಿಂದ ತೆಗೆದುಕೊಳ್ಳುವ ಎರಡು ಮೂರು ವರ್ಷದ ಸಾಲ. ಬಾಡಿಗೆ ಇಲ್ಲ, ಬಡ್ಡಿಯೂ ಇಲ್ಲ. ಅವಧಿ ಮುಗಿದ ಮೇಲೆ ಪೂರ್ತಿ ದುಡ್ಡು ಹಿಂದಕ್ಕೆ. ಈ ದುಡ್ಡಿನಲ್ಲಿ ಎರಡನೇ ಸೈಟು ಕೊಂಡ ಮಾಲೀಕರು ಬಡಾವಣೆ ಬಡಾವಣೆಗೂ ಸಿಗುತ್ತಾರೆ. ಬಡ್ಡಿಯಿಲ್ಲ ಎಂದುಕೊಳ್ಳಬೇಡಿ. ತಿಂಗಳಿಗೆ 20 ಸಾವಿರ ಬಾಡಿಗೆ ಬರುವ ಮನೆಯನ್ನು 20 ಲಕ್ಷಕ್ಕೆ ಲೀಸಿಗೆ ಕೊಟ್ಟರೆ, ವರ್ಷಕ್ಕೆ 2.4 ಲಕ್ಷ ಬಾಡಿಗೆ ಬಿಟ್ಟ ಹಾಗೆ. ಅಂದರೆ 12% ಬಡ್ಡಿ.

ಇದರಲ್ಲಿ ನನಗೆ ನಿಜವಾಗಿ ಕಳವಳ ತರುವುದು ಬಾಡಿಗೆದಾರರ ಪಾಡು. ಮನೆ ಆಗಲೇ ಬ್ಯಾಂಕಿಗೆ ಒತ್ತೆ ಇದ್ದರೆ ಏನು ಗತಿ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಮಿನ ಪ್ರಕಾರ, ಒತ್ತೆಯಿರುವ ಕಟ್ಟಡವನ್ನು ಮಾಲೀಕ ಬಾಡಿಗೆಗೆ ಕೊಟ್ಟದ್ದು ಬ್ಯಾಂಕನ್ನು ಕಟ್ಟಿಹಾಕಬೇಕಾದರೆ ಒಳ್ಳೆಯ ಬಾಡಿಗೆಯೇ ಗೊತ್ತಾಗಿರಬೇಕು, ಬಾಡಿಗೆ ಮುಂಗಡವಾಗಿ ಪಡೆದಿರಬಾರದು, ಅವಧಿ ಮೂರು ವರ್ಷ ಮೀರಬಾರದು. ಬಾಡಿಗೆಯೇ ಇಲ್ಲದ, ಗಂಟು ದುಡ್ಡಿನ ಲೀಸು ಈ ಚೌಕಟ್ಟಿನೊಳಗೆ ಕೂರುವುದು ಕಷ್ಟ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಯ ಹಕ್ಕು ಹೇಳುವ ಬಾಡಿಗೆದಾರ ನೋಂದಾಯಿತ ಪತ್ರ ತೋರಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ನಮ್ಮಲ್ಲಿ ಹೆಚ್ಚಿನ ಲೀಸು ಛಾಪಾ ಕಾಗದದ ಮೇಲೆ ಬರೆದು ಬೀರುವಿನಲ್ಲಿಟ್ಟದ್ದು. ಮಾಲೀಕ ಸಾಲ ಕಟ್ಟದೆ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಂಡರೆ, ಜೀವಮಾನದ ಉಳಿತಾಯ ಕೊಟ್ಟು ಒಳಗಿದ್ದ ಕುಟುಂಬ ಬೀದಿಗೆ ಬರುತ್ತದೆ. ಹೂಡಿಕೆಗೆಂದು ಲೀಸು ದುಡ್ಡು ಎತ್ತುವ ಮಾಲೀಕರು ಒತ್ತೆಯ ವಿಷಯವನ್ನು ಮೊದಲೇ ಹೇಳಬೇಕು. ಕೊಡುವವರು ಋಣಭಾರ ಪತ್ರ, ಅಂದರೆ ಇ.ಸಿ. ತೆಗೆಸಿ ನೋಡಿಯೇ ಕೊಡಬೇಕು.

• ಕೈಸಾಲಕ್ಕೆ ಆಧಾರವೆಂದು ‘ಶುದ್ಧ ಕ್ರಯ’ ಬರೆಸಿಕೊಳ್ಳುವವರಿದ್ದಾರೆ. ‘ದುಡ್ಡು ತಂದುಕೊಟ್ಟ ದಿನ ತಿರುಗಿ ಬರೆದುಕೊಡುತ್ತೇನೆ’ ಎಂಬ ಮಾತು ಬಾಯಲ್ಲೋ ಬೇರೊಂದು ಕಾಗದದಲ್ಲೋ ಇರುತ್ತದೆ. ಆಸ್ತಿ ವರ್ಗಾವಣೆ ಕಾಯ್ದೆಯ 1929ರ ತಿದ್ದುಪಡಿ ಹೇಳುವುದನ್ನು ಇಂಥ ಸಾಲ ತೆಗೆಯುವ ಪ್ರತಿಯೊಬ್ಬರೂ ತಿಳಿದಿರಬೇಕು: ಹಿಂದಿರುಗಿಸುವ ಷರತ್ತು ಆ ಕ್ರಯಪತ್ರದೊಳಗೇ ಇಲ್ಲದಿದ್ದರೆ ಆ ವ್ಯವಹಾರವನ್ನು ಅಡಮಾನ ಎಂದು ಪರಿಗಣಿಸುವಂತಿಲ್ಲ. ಅಡಮಾನವಾಗಿದ್ದರೆ ಬಿಡಿಸಿಕೊಳ್ಳುವ ದಾವೆಗೆ 30 ವರ್ಷ ಕಾಲಾವಕಾಶವಿದೆ. ಕ್ರಯವಾದರೆ ಬಿಡಿಸಿಕೊಳ್ಳಲು ಏನೂ ಉಳಿದಿಲ್ಲ, ಆಸ್ತಿ ಸಾಲ ಕೊಟ್ಟವರದಾಯಿತು. ಆರು ತಿಂಗಳ 15 ಲಕ್ಷದ ಸಾಲಕ್ಕೆ 60 ಲಕ್ಷದ ಸೈಟನ್ನು ಹೀಗೆ ಬರೆದುಕೊಡುವ ಮುನ್ನ, ಆ ಸೈಟನ್ನೇ ಸಿಕ್ಕ ಬೆಲೆಗೆ ಮಾರುವುದು ಮೇಲು.

• ಬ್ಯಾಂಕಿಗೆ ಮೂಲಪತ್ರ ಒಪ್ಪಿಸಿ ಮಾಡುವ ಅಡಮಾನವನ್ನು ಎಲ್ಲ ಊರಿನಲ್ಲೂ ಮಾಡಲಾಗದು. ಕೋಲ್ಕತ್ತ, ಚೆನ್ನೈ, ಮುಂಬೈ ಮತ್ತು ಸರ್ಕಾರ ಅಧಿಸೂಚಿಸಿದ ಪಟ್ಟಣಗಳಲ್ಲಿ ಮಾತ್ರ. ಆದರೆ ಕಾನೂನು ನೋಡುವುದು ಪತ್ರ ಒಪ್ಪಿಸಿದ ಊರನ್ನು. ಆಸ್ತಿ ಬೇರೆ ಎಲ್ಲಿದ್ದರೂ ನಡೆಯುತ್ತದೆ.

• ಕಂತು 90 ದಿನ ಬಾಕಿ ಬಿದ್ದರೆ ಸಾಲ ಎನ್‌ಪಿಎ, ಅಂದರೆ ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು. ನಂತರ ಕೋರ್ಟಿಗೆ ದಾವೆ ಹಾಕದೆಯೇ ಬ್ಯಾಂಕು ಆಸ್ತಿಯನ್ನು ವಶಕ್ಕೆ ಪಡೆಯಬಹುದು. ಈ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ಭೂಪರಿವರ್ತನೆಯಾಗದ ಜಮೀನನ್ನು ಆಧಾರವಾಗಿ ತೋರಿಸಿದಾಗ ಬ್ಯಾಂಕಿನವರು ಹಿಂದೇಟು ಹಾಕಲು ಇದೂ ಒಂದು ಕಾರಣ.

• ಚಿನ್ನದ ಸಾಲ ಬೇಗ ಸಿಗುತ್ತದೆ, ಸೈಟಿನ ಮುಂಗಡಕ್ಕೆ ಒದಗುತ್ತದೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಪಾಲಿಸಬೇಕಾದ ನಿಯಮ ಹೀಗಿದೆ: 2.5 ಲಕ್ಷದವರೆಗೆ ಚಿನ್ನದ ಬೆಲೆಯ 85%, 5 ಲಕ್ಷದವರೆಗೆ 80%, ಅದರ ಮೇಲೆ 75%. ಹರಳು, ಕುಶಲಕರ್ಮದ ಕೂಲಿ ಲೆಕ್ಕಕ್ಕಿಲ್ಲ. ಅಸಲು ಬಡ್ಡಿ ಎರಡನ್ನೂ ಕೊನೆಯಲ್ಲಿ ಒಟ್ಟಿಗೆ ಕಟ್ಟುವ ಸಾಲವಾದರೆ ಅವಧಿ 12 ತಿಂಗಳು ಮೀರುವಂತಿಲ್ಲ, ಮತ್ತು ಆ ಮಿತಿಯೊಳಗೆ ಕೊನೆಯ ಬಡ್ಡಿಯೂ ಸೇರಬೇಕು. 20 ಲಕ್ಷದ ಒಡವೆಗೆ 15 ಲಕ್ಷ ಎಂದುಕೊಂಡು ಹೋದರೆ, ವರ್ಷಕ್ಕೆ 10% ಬಡ್ಡಿಯಲ್ಲಿ ಕೈಗೆ ಸಿಗುವುದು ಸುಮಾರು 13.6 ಲಕ್ಷ. ಸಾಲ ತೀರಿಸಿದ ದಿನವೇ, ಹೆಚ್ಚೆಂದರೆ ಏಳು ಕೆಲಸದ ದಿನದೊಳಗೆ ಒಡವೆ ಕೈಸೇರಬೇಕು. ಸಾಲ ಕೊಟ್ಟವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ.

ಮೂರು ತಿಂಗಳಲ್ಲಿ ಬೋನಸ್ಸೋ ಎಫ್‌ಡಿಯೋ ಕೈಗೆ ಬರುವುದು ಖಚಿತವಿದ್ದರೆ ಚಿನ್ನದ ಸಾಲ ಸರಿ. ಸೈಟು ಮಾರಿದ ದುಡ್ಡಿನಿಂದಲೇ ಒಡವೆ ಬಿಡಿಸಬೇಕು ಎಂದಾದರೆ 12 ತಿಂಗಳ ಗಡುವು ಬಹಳ ಬಿಗಿ.

• ಎಫ್‌ಡಿ ಇದ್ದರೆ ಮುರಿಯುವ ಮೊದಲು ಅದರ ಮೇಲೆಯೇ ಓವರ್‌ಡ್ರಾಫ್ಟ್ ಕೇಳಿ. ಬಡ್ಡಿ ಸಾಮಾನ್ಯವಾಗಿ ಠೇವಣಿ ದರಕ್ಕಿಂತ ಒಂದೆರಡು ಪರ್ಸೆಂಟ್ ಹೆಚ್ಚು, ಅದೂ ಬಳಸಿದ ಮೊತ್ತಕ್ಕೆ, ಬಳಸಿದ ದಿನಗಳಿಗೆ ಮಾತ್ರ.

• ಚೀಟಿಯನ್ನು ಮೊದಲ ತಿಂಗಳುಗಳಲ್ಲೇ ಕೂಗುವವರು ಸಾಲಗಾರರು, ಕೊನೆಯವರೆಗೆ ಕಾಯುವವರು ಸಾಲ ಕೊಟ್ಟವರು. 5 ಲಕ್ಷದ ಚೀಟಿಯನ್ನು 1 ಲಕ್ಷ ಬಿಟ್ಟು ಕೂಗಿದವರ ಕೈಗೆ ಸಿಗುವುದು 4 ಲಕ್ಷ. ಅದೂ ಕೂಗಿದ ದಿನವೇ ಬರುವುದಿಲ್ಲ. ಜಾಮೀನುದಾರರ ಸಂಬಳದ ಚೀಟಿ, ಸಹಿ ಎಲ್ಲ ಮುಗಿಯಬೇಕು. ನೋಂದಣಿ ದಿನ ಗೊತ್ತುಮಾಡಿಕೊಂಡು ಆ ತಿಂಗಳ ಚೀಟಿಯನ್ನು ನಂಬಿ ಕೂರಬಾರದು. 2019ರ ತಿದ್ದುಪಡಿಯಿಂದ ಚೀಟಿ ನಡೆಸುವವರ ಕಮಿಷನ್ ಮಿತಿ 5%ರಿಂದ 7%ಕ್ಕೆ ಏರಿದೆ. ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

• ಕಟ್ಟುತ್ತಿರುವ ಫ್ಲಾಟಿಗೆ, ನೋಂದಾಯಿತ ಕರಾರು ಆಗುವ ಮುನ್ನ ಬಿಲ್ಡರು ಬೆಲೆಯ 10%ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಇದು 2016ರ ರೇರಾ ಕಾಯ್ದೆಯ 13ನೇ ಕಲಮು. ‘ಪ್ರಿ ಲಾಂಚ್’ ಬೆಲೆಯ ಆಸೆಗೆ ಸಾಲ ಎತ್ತಿ 30% ಮುಂಗಡ ಕೊಡುವವರು ಇದನ್ನು ಕೇಳಿ ತಿಳಿಯಬೇಕು.

• 20 ಸಾವಿರ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನಾಗಲಿ, ಆಸ್ತಿಯ ಮುಂಗಡವನ್ನಾಗಲಿ ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರ ಮೇಲೆ. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನದೇ ಒಂದು ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಜಾಗಕ್ಕೆ ಸಂಬಂಧಿಸಿದ ಆ ದಾವೆಯಲ್ಲಿ 75 ಲಕ್ಷ ನಗದು ಮುಂಗಡ ಕೊಟ್ಟಿದ್ದೇವೆಂಬ ವಾದವಿತ್ತು. ಇನ್ನು ಮುಂದೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಕೊಟ್ಟಿರುವುದಾಗಿ ದಾವೆಯಲ್ಲಿ ಹೇಳಿದರೆ ಕೋರ್ಟು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು ತೀರ್ಪಾಯಿತು.

• ಅಮೆರಿಕದಲ್ಲಿ ಹಳೆ ಮನೆ ಕೊಂಡು, ದುರಸ್ತಿ ಮಾಡಿ ಮಾರುವವರು ಎತ್ತುವ ಅಲ್ಪಾವಧಿ ಸಾಲಕ್ಕೆ ‘ಹಾರ್ಡ್ ಮನಿ’ ಎನ್ನುತ್ತಾರೆ. ಕೊಡುವವರು ಖಾಸಗಿಯವರು. ಅವರು ನಿಮ್ಮ ಸಂಬಳಕ್ಕಿಂತ ಹೆಚ್ಚಾಗಿ ದುರಸ್ತಿಯಾದ ಮೇಲೆ ಮನೆ ಎಷ್ಟು ಬಾಳುತ್ತದೆ ಎಂದು ನೋಡುತ್ತಾರೆ. ತಿಂಗಳು ತಿಂಗಳು ಬಡ್ಡಿ ಮಾತ್ರ, ಅಸಲು ಕೊನೆಗೆ ಒಂದೇ ಸಲ. ಅಲ್ಲಿರುವ ಕನ್ನಡಿಗರು ತಮ್ಮ ಮನೆಯ ಮೇಲೆ ಸಾಲ ತೆಗೆದು ಮೈಸೂರಿನಲ್ಲಿ ಸೈಟು ಕೊಳ್ಳಬಹುದು, ಆದರೆ ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಸಾಲ ಡಾಲರಿನಲ್ಲಿದ್ದು ಮಾರಾಟ ರೂಪಾಯಿಯಲ್ಲಾಗುವುದರಿಂದ, ರೂಪಾಯಿ ಇಳಿದಷ್ಟೂ ಸಾಲ ಬೆಳೆಯುತ್ತದೆ.

• ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲಪತ್ರಗಳನ್ನು ಹಿಂದಿರುಗಿಸಬೇಕು. ಸಾಲ ಕೊಟ್ಟವರ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. 2023ರ ಡಿಸೆಂಬರ್ 1ರಿಂದ ಈ ನಿಯಮವಿದೆ. ಪತ್ರ ಕೈಗೆ ಬಂದಿತೆಂದು ಅಷ್ಟಕ್ಕೇ ಬಿಟ್ಟರೆ ಮಾತ್ರ ಇ.ಸಿ.ಯಲ್ಲಿ ಹಳೆಯ ಅಡಮಾನ ಹಾಗೆಯೇ ಕಾಣುತ್ತಿರುತ್ತದೆ, ಕೊಳ್ಳಲು ಬಂದವರ ವಕೀಲರು ಅಲ್ಲಿಗೇ ನಿಲ್ಲಿಸುತ್ತಾರೆ. ಬ್ಯಾಂಕಿನ ಅಧಿಕಾರಿಯಿಂದ ಬಿಡುಗಡೆ ಪತ್ರ ಬರೆಸಿ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ, ಆಮೇಲೆ ಹೊಸ ಇ.ಸಿ. ತೆಗೆದು ಆ ನಮೂದು ಬಿದ್ದಿದೆಯೇ ಎಂದು ಕಣ್ಣಾರೆ ನೋಡಿಕೊಳ್ಳಿ.